ಎರಡು ದೊಡ್ಡ ಕಾಣೆ, ನಾಲ್ಕು ಸಣ್ಣ ಕಾಣೆ

ಅಮ್ಮನ ಮಂಡಿ ಒತ್ತಿ ನೋಡಿದ ಕುಂದಾಪುರದ ಡಾಕ್ಟರು, ಇನ್ನು ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದರೆ ಮುಂದೆ ನಡೆಯುವುದೇ ಕಷ್ಟ ಎಂದರು. ಅಮ್ಮ ಅಲ್ಲಿ ಒಳ್ಳೆಯ ಹುಡುಗಿಯ ಹಾಗೆ ತಲೆಯಾಡಿಸಿದಳು. ಹೊರಗೆ ಬಂದದ್ದೇ ನನ್ನ ಮೇಲೆ ಹರಿಹಾಯ್ದಳು: "ಮನೇಲ್ ಕೂಕಂಡ್ ನಾ ಎಂತ ಮಾಡುದ್? ಗ್ವಾಡೆ ಕಾಣ್ತಾ ಕೂಕಣ್ಕಾ?"

ಮೂವತ್ತು ವರ್ಷದಿಂದ ಉಪ್ಪುಂದದಲ್ಲಿ ಮೀನು ಮಾರುವವಳು. ಹತ್ತು ಮನೆ ಹತ್ತಿಳಿದರೆ ಕೊಳ್ಳುವವರು ನಾಲ್ಕು ಮನೆಯವರು. ಉಳಿದವರಿಗೆ ಇವತ್ತು ಸೋಮವಾರ, ಇಲ್ಲವೇ ಸಂಕಷ್ಟಿ, ಇಲ್ಲವೇ ಫ್ರಿಜ್ಜಿನಲ್ಲಿ ನಿನ್ನೆಯದೇ ಇದೆ. ಬೇಕಾದವರು ಮೊದಲೇ ಹೇಳಿದರೆ ಆ ಆರು ಮನೆಯ ಮೆಟ್ಟಿಲಾದರೂ ತಪ್ಪುತ್ತದಲ್ಲ? ವಾಟ್ಸಾಪ್ ಗ್ರೂಪ್ ಮಾಡಬಹುದಿತ್ತಲ್ಲ ಎಂದು ಈಗ ಎಲ್ಲರೂ ಬುದ್ಧಿ ಹೇಳುತ್ತಾರೆ. ಮಾಡಿದ್ದೆ ಮಾರಾಯ್ರೆ! ಎರಡೇ ದಿನಕ್ಕೆ ಶುಭೋದಯದ ಹೂಗಳ ಅಡಿಯಲ್ಲಿ ಮೀನು ಮುಚ್ಚಿಹೋಯಿತು. ನಾನು ಬೈಂದೂರಿನಲ್ಲಿ ಕಂಪ್ಯೂಟರ್ ಕಲಿಸುವವಳು. ಭಾನುವಾರಗಳನ್ನೆಲ್ಲ ಹಾಕಿ ಒಂದು ಆ್ಯಪ್ ಮಾಡಿ ಫೋನಿನ ಆ್ಯಪ್ ಸ್ಟೋರಿಗೆ ಕಳಿಸಿದೆ.

ತಿರಸ್ಕೃತವಾಯಿತು. ಕಾರಣ, ಹಿಂಸೆ ಮತ್ತು ಭಯ ಹುಟ್ಟಿಸುವ ವಿಷಯ. ನಾನು ಬರೆದದ್ದು ಇಷ್ಟೇ: "ತಾಜಾ ಬೂತಾಯಿ ಬಂದಿದೆ. ತಲೆ ಕತ್ತರಿಸಿ, ಹೊಟ್ಟೆ ಸೀಳಿ ಮನೆಬಾಗಿಲಿಗೆ ತಲುಪಿಸುತ್ತೇವೆ." ಯಾವುದೋ ಯಂತ್ರ ಅದನ್ನು ಓದಿ, ಭೂತದ ತಾಯಿ ಬಂದಿದ್ದಾಳೆ, ಅವಳ ರುಂಡ ಕಡಿದು ಹಂಚುತ್ತಾರೆ ಎಂದು ಅರ್ಥ ಮಾಡಿಕೊಂಡಿತ್ತು. ಬೂತಾಯಿ ಎಂದರೆ ಗೇಣುದ್ದದ ಮೀನು ಎಂದು ಫೋಟೊ ಸಮೇತ ಉತ್ತರ ಕೊಟ್ಟೆ. ಶವದ ಚಿತ್ರಗಳನ್ನು ಕಳಿಸಬಾರದು ಎಂದು ಎಚ್ಚರಿಕೆ ಬಂತು.

ಹೋಗಲಿ ಎಂದು ಬೂತಾಯಿ ತೆಗೆದು ಕಾಣೆ ಹಾಕಿದೆ. ಕಾಣೆ ಮೀನು ಎಂದರೆ ನಮ್ಮ ಕಡೆ ಜನ ಪ್ರಾಣ ಬಿಡುತ್ತಾರೆ. "ಉಪ್ಪುಂದದಲ್ಲಿ ಇಂದು ಎರಡು ದೊಡ್ಡ ಕಾಣೆ, ನಾಲ್ಕು ಸಣ್ಣ ಕಾಣೆ" ಎಂದು ಬರೆದೆ. ಮೂರನೇ ದಿನ ಪತ್ರ ಬಂತು. ಕಾಣೆಯಾದ ವ್ಯಕ್ತಿಗಳ ಮಾಹಿತಿ, ಅದರಲ್ಲೂ ಮಕ್ಕಳದ್ದು, ಪ್ರಕಟಿಸುವುದಾದರೆ ಪೊಲೀಸರ ಅನುಮತಿ ಲಗತ್ತಿಸಬೇಕಂತೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ. ಅದೇ ಸ್ಟೋರಿನಿಂದ ನಾನು ಹಾಕಿಕೊಂಡಿದ್ದ ಟಾರ್ಚ್ ಆ್ಯಪ್, ಬೆಳಕು ಕೊಡಲು ನನ್ನ ಫೋಟೊ, ನನ್ನ ವಿಳಾಸ, ನಾನು ಯಾರಿಗೆ ಫೋನ್ ಮಾಡುತ್ತೇನೆಂಬ ಪಟ್ಟಿ ಎಲ್ಲ ಕೇಳುತ್ತಿತ್ತು. ಅದು ಪಾಸು, ನಮ್ಮ ಮೀನು ಫೇಲು.

"ಅವ್ರಿಗೆ ಮೀನ್ ಕಂಡ್ರೆ ಗೊತ್ತಾತಿಲ್ಯಾ? ಕಿವಿ ಬಿಡ್ಸಿ ಕಾಣುಕ್ ಹೇಳ್, ಕೆಂಪ್ ಇತ್ತಾ ಇಲ್ಯಾ ಅಂದೇಳಿ," ಎಂದಳು ಅಮ್ಮ. ಅವಳ ಪರೀಕ್ಷೆ ಅಷ್ಟೇ, ಕಿವಿರು ಕೆಂಪಿದ್ದರೆ ಮೀನು ತಾಜಾ; ಬುಟ್ಟಿ ತೆರೆದೇ ಇರುತ್ತದೆ.

ಸ್ಟೋರಿನ ಹಂಗೇ ಬೇಡ ಎಂದು ಆ್ಯಪ್‌ನ ಫೈಲನ್ನು ಗಿರಾಕಿಗಳಿಗೆ ನೇರವಾಗಿ ಕಳಿಸಿಬಿಟ್ಟೆ. ಹತ್ತು ನಿಮಿಷದಲ್ಲಿ ನಿವೃತ್ತ ಟೀಚರಮ್ಮನ ಫೋನು ಬಂತು. "ಹ್ವಾಯ್, ಇದೆಂತ ಮಾರಾಯ್ತಿ? 'ಅಪರಿಚಿತ ಮೂಲ, ಹಾನಿಯಾಗಬಹುದು' ಅಂತ್ ಬತ್ತ್. ನಿನ್ ಅಮ್ಮ ನಂಗೆ ಅಪರಿಚಿತವಾ?" ಕೇಳಿದ್ದೇನೋ ನಗುತ್ತಲೇ, ಆದರೆ ಒಪ್ಪಿಗೆ ಒತ್ತಲಿಲ್ಲ. ಯಾರೂ ಒತ್ತಲಿಲ್ಲ.

ಅಮ್ಮನಿಗೆ ಉರಿದುಹೋಯಿತು. "ನನ್ ಗುರ್ತ ಇಲ್ಯಾ ಇವ್ರಿಗೆ? ಕಾಂಬ!" ಎಂದು ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ನಾಲ್ಕು ದಿನ, ಮೀನಿಲ್ಲದ ಬರಿಗೈಯಲ್ಲಿ, ಒಂದೊಂದು ಮನೆಗೂ ಹೋಗಿ, ಎದುರಿಗೆ ಕೂತು ಒತ್ತಿಸಿದಳು. ಸೋಮವಾರವೂ ಬಿಡಲಿಲ್ಲ. ಗುಡ್ಡದ ಮೇಲಿನ ಮನೆಯ ಮೆಟ್ಟಿಲನ್ನು ಎರಡು ಸಲ ಹತ್ತಿದಳು, ಮೊದಲ ಸಲ ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ. ನಡಿಗೆ ತಪ್ಪಿಸಲು ಮಾಡಿದ ಆ್ಯಪ್‌ಗಾಗಿ ಅವಳು ಜನ್ಮದಲ್ಲಿ ನಡೆಯದಷ್ಟು ನಡೆದಳು. ಬೈದೆ, ಗೋಗರೆದೆ. "ನೀ ಸುಮ್ನಿರ್, ಇನ್ನ್ ಐದೇ ಮನೆ," ಎಂದಳು.

ಐದನೇ ದಿನ ಬೆಳಿಗ್ಗೆ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ನೋಡುನೋಡುತ್ತ ಹದಿನೇಳು ಮನೆಯ ಆರ್ಡರ್! ಖುಷಿಯಲ್ಲಿ ಕೂಗುತ್ತ ಒಳಗೆ ಓಡಿದೆ. ಅಮ್ಮ ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದಳು. ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಏಳಲು ಹೋಗಿ ಎರಡು ಸಲ ಕುಸಿದಳು. ಆದರೂ ನನ್ನಿಂದ ಒಂದೊಂದೇ ಮನೆಯ ಹೆಸರು ಓದಿಸಿಕೊಂಡು ನಕ್ಕಳು.

"ಇವತ್ತು ಮೀನಿಲ್ಲ ಅಂತ ಹಾಕ್ತೇನೆ ಅಮ್ಮ," ಎಂದೆ. ನನಗೆ ಅಳು ಬರುತ್ತಿತ್ತು.

"ಇಲ್ಕಾಣ್, ಮೀನ್ ಬಂದ್ ಜಗ್ಲಿ ಮೇಲ್ ಇತ್ತ್. ಸುಳ್ ಎಂತಕ್ಕೆ? ಮಗಳ್ ಬತ್ತ್ ಅಂದೇಳಿ ಬರಿ."

ಬರೆದೆ. ಪಕ್ಕದ ಮನೆಯ ಅಕ್ಕ ಬುಟ್ಟಿ ಎತ್ತಿ ನನ್ನ ತಲೆಯ ಮೇಲಿಟ್ಟರು. ಕುತ್ತಿಗೆ ಲಟಕ್ಕೆಂದಿತು, ಮಂಡಿ ನಡುಗಿತು, ಅಂಗಳ ದಾಟುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಇದು ಇಷ್ಟು ಭಾರ ಎಂದು ಅಮ್ಮ ಒಂದು ದಿನವೂ ಹೇಳಿರಲಿಲ್ಲ.