ಮೂರು ಗಂಟಿನ ದಾರ

ಮಾಕಳಿಯ ಆಚೆಗಿನ ಕಾರ್ಖಾನೆಯಿಂದ ಮೊನ್ನೆ ಫೋನ್ ಬಂತು. ನಾನು ಹದಿನೈದು ವರ್ಷದ ಹಿಂದೆ ಹಾಕಿಕೊಟ್ಟಿದ್ದ ಕಂಟ್ರೋಲ್ ಸಿಸ್ಟಮ್ ಹಳತಾಗಿದೆಯಂತೆ, ಬದಲಿಸಬೇಕಂತೆ. ಆಗಿನ ವೈರಿಂಗ್ ನಕ್ಷೆ ಇದ್ದೀತೇ ಎಂದು ಹಳೆಯ ಟೂಲ್‌ಬ್ಯಾಗ್ ತಡಕಿದೆ. ತಳದಲ್ಲಿ ಗೇಣುದ್ದದ ದಾರ ಸಿಕ್ಕಿತು. ಅರಿಶಿನ ಹಚ್ಚಿದ್ದು, ಎಣ್ಣೆ ಕುಡಿದು ಕಪ್ಪಾಗಿದೆ. ಒಂದು ತುದಿಗೆ ಮೂರು ಗಂಟು. ನೋಡುತ್ತಲೇ ಆ ಮನುಷ್ಯನ ಮೇಲೆ ಮತ್ತೆ ಸಿಟ್ಟು ಬಂತು... ಅಥವಾ ಸಿಟ್ಟು ಅವರ ಮೇಲಿನದಲ್ಲವೇನೋ.

ಅಲ್ಲಿದ್ದದ್ದು ಉಕ್ಕಿನ ಬಿಡಿಭಾಗಗಳನ್ನು ಕಾಯಿಸಿ ಗಟ್ಟಿ ಮಾಡುವ, ಬಸ್ಸಿನಷ್ಟು ಉದ್ದದ ಫರ್ನೇಸು. ಆರಿಸುವಂತಿಲ್ಲ, ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದೆ, ವಾರಗಟ್ಟಲೆ ಕೆಲಸ ನಿಲ್ಲುತ್ತದೆ. ಅದನ್ನು ಉರಿಯಲು ಬಿಟ್ಟೇ, ಹಳೆಯ ಪ್ಯಾನಲ್‌ನಿಂದ ಒಂದೊಂದೇ ತಂತಿಯನ್ನು ಹೊಸ ಕಂಪ್ಯೂಟರಿಗೆ ದಾಟಿಸುವುದು ನನ್ನ ಕೆಲಸ. ಆ ಪ್ಯಾನಲ್ ಮುಂದೆ ಇಪ್ಪತ್ತು ವರ್ಷ ನಿಂತವರು ಅವರು. ಅಲ್ಲಿಯೇ ಪಕ್ಕದ ಊರಿನವರು. ಎಲ್ಲರಿಗೂ ಪ್ಯಾನಲ್ ಅಣ್ಣ.

ಸ್ಕ್ರೀನಿನ ಮೇಲೆ ಬಿಸಿಯ ಅಂಕಿ ಕಾಣುತ್ತಿದ್ದರೂ ಅವರು ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ, ಫರ್ನೇಸಿನ ಕಿಂಡಿಯಲ್ಲಿ ಇಣುಕಿ ಬೆಂಕಿಯ ಬಣ್ಣ ನೋಡಿ ಬರುತ್ತಿದ್ದರು. ಅವರು ಬರುವತನಕ ನಾನು ತಂತಿ ಹಿಡಿದು ಕಾಯಬೇಕು.

"ಅಣ್ಣ, ಕೂತಲ್ಲೇ ನೋಡ್ಲಿ ಅಂತ ತಾನೆ ಇದನ್ನ ತಂದಿರೋದು?"

"ಕುಂತ್ರೆ ಮೊಣಕಾಲು ಹಿಡ್ಕಂತದೆ ಸಾರ್. ನಿಮ್ ಟೀವೀಲಿ ಏನ್ ಬತ್ತೈತೆ, ನೀವೇ ನೋಡಿ."

ಇಂಥವರ ಜೊತೆ ಹೇಗೆ ಏಗುವುದು?

ಪ್ಯಾನಲ್ ಒಳಗಡೆಯಂತೂ ಹೇಳುವುದೇ ಬೇಡ. ವರ್ಷ ವರ್ಷದ ಆಯುಧಪೂಜೆಯ ದಾರಗಳು, ಬಾಡಿದ ಹೂವಿನ ಎಳೆಗಳು, ಕುಂಕುಮ. ಒಂದು ಬೆಳಿಗ್ಗೆ ಅವರು ಬರುವ ಮೊದಲೇ ಕತ್ತರಿ ಹಿಡಿದು ಎಲ್ಲವನ್ನೂ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಬುಟ್ಟಿ ಆಗಲೇ ಹೊರಗೆ ಹೋಯಿತು. ಆಮೇಲೆ ನಕ್ಷೆಯಲ್ಲಿದ್ದಂತೆ, ತಂತಿಗಳ ಮೇಲಿದ್ದ ನಂಬರ್ ನೋಡಿ, ಫರ್ನೇಸಿನ ಮೂರನೇ ಮತ್ತು ನಾಲ್ಕನೇ ಭಾಗದ ಬಿಸಿ ಅಳೆಯುವ ತಂತಿಗಳನ್ನು ದಾಟಿಸಿದೆ.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ, ಮೂರನೇ ಭಾಗ ತಣ್ಣಗಾಗುತ್ತಿದೆ ಎಂದು ಸ್ಕ್ರೀನ್ ತೋರಿಸಿತು. ಕಂಪ್ಯೂಟರ್ ಅಲ್ಲಿಗೆ ಇನ್ನಷ್ಟು ಬೆಂಕಿ ಕೊಡತೊಡಗಿತು. ಅಷ್ಟರಲ್ಲಿ ಅವರು ಕಿಂಡಿಯ ಕಡೆಯಿಂದ ಓಡಿ ಬಂದರು.

"ಮೂರು ಕಾದು ಬೆಳ್ಳಗಾಗ್ತಾ ಐತೆ ಸಾರ್! ಬೆಂಕಿ ತಗ್ಸಿ!"

"ತಣ್ಣಗಾಗ್ತಿದೆ ಅಣ್ಣ, ಇಲ್ಲಿ ನೋಡಿ."

ಅವರು ನೋಡಲಿಲ್ಲ. ನನ್ನನ್ನು ಬದಿಗೆ ಸರಿಸಿ, ಬೆಂಕಿಯನ್ನು ಕಂಪ್ಯೂಟರಿನಿಂದ ಬಿಡಿಸಿ ಕೈಯಿಂದಲೇ ನಡೆಸತೊಡಗಿದರು. ಕಿಂಡಿಗೂ ವಾಲ್ವಿಗೂ ಓಡಾಡುತ್ತ, ಬಣ್ಣವನ್ನಷ್ಟೇ ನಂಬಿ ಸಂಜೆಯತನಕ ಫರ್ನೇಸನ್ನು ಹಿಡಿದು ನಿಲ್ಲಿಸಿದರು. ಇಟ್ಟಿಗೆ ಉಳಿಯಿತು. ಒಳಗಿದ್ದ ಮಾಲು ಮಾತ್ರ ಹಾಳಾಯಿತು.

ಆಮೇಲೆ ತಿಳಿಯಿತು. ಎಂದೋ ಒಂದು ರಿಪೇರಿಯಲ್ಲಿ ಆ ಎರಡು ತಂತಿಗಳು ಫರ್ನೇಸಿನ ಕಡೆಯಲ್ಲಿ ಅದಲುಬದಲಾಗಿದ್ದವು; ಮೂರರದೆಂದು ಸ್ಕ್ರೀನ್ ತೋರಿಸಿದ್ದು ನಾಲ್ಕರ ಬಿಸಿ. ಫರ್ನೇಸು ನಿಲ್ಲಿಸದೆ ಸರಿ ಮಾಡಲಾಗದ್ದಕ್ಕೆ ಅವರು ಪ್ಯಾನಲ್‌ನಲ್ಲೇ ಅಡ್ಡ ಜೋಡಿಸಿ, ನಾಲ್ಕು ಎಂದು ಬರೆದಿದ್ದ ತಂತಿಗೆ ಮೂರು ಗಂಟಿನ ದಾರ, ಮೂರು ಎಂದಿದ್ದಕ್ಕೆ ನಾಲ್ಕು ಗಂಟಿನ ದಾರ ಕಟ್ಟಿದ್ದರು. ಪೂಜೆಯ ದಾರವೇ ಕೈಗೆ ಸಿಕ್ಕಿತ್ತಂತೆ. ನಕ್ಷೆ ತಿದ್ದುವ ಬದಲು ದಾರ! ಈಗಲೂ ಮೈ ಉರಿಯುತ್ತದೆ.

ಮರುದಿನ ಮ್ಯಾನೇಜರ್ ಇಬ್ಬರನ್ನೂ ಕರೆಸಿ, "ಇದನ್ನ ನಿಮಗೆ ಹೇಳಿದ್ರಾ ಇವ್ರು?" ಎಂದು ನನ್ನನ್ನು ಕೇಳಿದರು.

"ಇಲ್ಲ" ಅಂದೆ.

ಪ್ಯಾನಲ್ ಅಣ್ಣ ನನ್ನ ಕಡೆ ತಿರುಗಿದರು. "ಮೊದಲ್ನೇ ದಿನಾನೇ ಯೋಳಿದ್ದೆ ಅನ್ಕಂಡಿದ್ದೆ. ಮರ್ತಿರ್ಬೋದು ಬಿಡಿ ಸಾರ್."

ಯಾರು ಮರೆತಿರಬಹುದು ಎಂದು ಅವರು ಹೇಳಲಿಲ್ಲ. ಮ್ಯಾನೇಜರ್ ಕೇಳಲೂ ಇಲ್ಲ. ವಾರದೊಳಗೆ ಅವರನ್ನು ಲೋಡಿಂಗ್ ಕಡೆಗೆ ಹಾಕಿದರು. ಅಲ್ಲಿ ಕಿಂಡಿ ಇಲ್ಲ, ನೋಡಲು ಬಣ್ಣವೂ ಇಲ್ಲ.

ಮೊದಲ ದಿನ ನನಗೆ ನೆನಪಿರುವುದು ಇಷ್ಟು: ನಾನು ಫೋನಿನಲ್ಲಿದ್ದೆ. ಅವರು ಟೀ ಲೋಟ ಹಿಡಿದು ಪ್ಯಾನಲ್ ಬಾಗಿಲು ತೆರೆದು ಏನನ್ನೋ ತೋರಿಸುತ್ತಿದ್ದರು, ನಾನು ಹೂಂ ಹೂಂ ಎನ್ನುತ್ತಿದ್ದೆ... ಈ ಚಿತ್ರ ಆಮೇಲೆ ನಾನೇ ಕಟ್ಟಿಕೊಂಡದ್ದೂ ಇರಬಹುದು. ಎಷ್ಟೋ ಸಲ ಹಾಗೆಂದುಕೊಂಡೇ ಪಾರಾಗಿದ್ದೇನೆ.

ಆದರೆ ಈ ದಾರ? ಎಲ್ಲವನ್ನೂ ಕಸವೆಂದು ಎಸೆದವನು ಇದೊಂದನ್ನೇ ಏಕೆ ಬ್ಯಾಗಿಗೆ ಹಾಕಿಕೊಂಡೆ? ಆಮೇಲೆ ಹೆಕ್ಕಿರಲಾರೆ, ಬುಟ್ಟಿ ಬೆಳಿಗ್ಗೆಯೇ ಖಾಲಿಯಾಗಿತ್ತು. ಕತ್ತರಿಸುವಾಗ ಗಂಟು ನೋಡಿ ಕೈ ಒಂದು ಕ್ಷಣ ತಡೆದಿರಬೇಕು. ಏನೋ ಹೇಳಿದ್ದರಲ್ಲ ಎನಿಸಿರಬೇಕು. ಆಮೇಲೆ ವಿಚಾರಿಸೋಣ ಎಂದುಕೊಂಡಿರಬೇಕು.

ಫೋನ್ ಮಾಡಿದವರನ್ನು ಪ್ಯಾನಲ್ ಅಣ್ಣನ ಬಗ್ಗೆ ಕೇಳಿದ್ದೆ. "ಅವ್ರು ತೀರ್ಕೊಂಡು ಮೂರು ವರ್ಷ ಆಯ್ತಲ್ಲ ಸಾರ್" ಅಂದರು.

ಮುಂದಿನ ವಾರ ಮಾಕಳಿಗೆ ಹೋಗಬೇಕು. ಮರೆತವನು ನಾನೇ ಎಂದು ಹೇಳಲು ಅಲ್ಲೀಗ ಅವರಿಲ್ಲ.