ಒಬ್ಬರಿಗಾಗುವಷ್ಟು ಮೆಣಸಿನ ಸಾರು

ಗೋವಿಂದನಹಳ್ಳಿಯ ಹೊನ್ನಪ್ಪನಿಗೆ ಐನೂರು ಜನರ ಅಡುಗೆ ನೀರು ಕುಡಿದಷ್ಟು ಸಲೀಸು. ಇಬ್ಬರ ಅಡುಗೆ ಮಾಡು ಎಂದರೆ ಮಾತ್ರ ಕೈಕಾಲೇ ಆಡದು.

ಕೃಷ್ಣರಾಜಪೇಟೆ ಸೀಮೆಯಲ್ಲಿ ಯಾರ ಮನೆಯಲ್ಲಿ ಬೀಗರೂಟ ಗೊತ್ತಾದರೂ, ಕುರಿಮರಿ ನೋಡುವುದಕ್ಕೆ ಮೊದಲೇ ಹೊನ್ನಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಪಂಚೆ ಎತ್ತಿ ಕಟ್ಟಿ, ಗುಂಡಿ ಒಲೆಯ ಮುಂದೆ ನಿಂತು, ಉಪ್ಪನ್ನು ಬೊಗಸೆಯಲ್ಲಿ ಎತ್ತಿ ಕೊಪ್ಪರಿಗೆಗೆ ಬೀಸಿದನೆಂದರೆ ಮುಗಿಯಿತು. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಮ್ಮಿಯಿಲ್ಲ. ರುಚಿ ನೋಡುವ ರೂಢಿಯೇ ಅವನಿಗಿರಲಿಲ್ಲ. ಜೊತೆ ಅಡುಗೆಯ ನಂಜಪ್ಪ ಸೌಟು ಹಿಡಿದುಕೊಂಡು ಬಂದರೆ ಗದರಿಬಿಡುತ್ತಿದ್ದ. "ನಾಲ್ಗೆ ಉಣ್ಣೋರ್ಗೆ ಬೇಕು ಕಣ್ಲಾ. ಮಾಡೋನ್ಗೆ ಕೈ ಇದ್ರೆ ಸಾಕು."

ಇಂಥ ಮನುಷ್ಯನ ಸ್ವಂತ ಮನೆಯ ಒಲೆ ವಾರಕ್ಕೆ ನಾಲ್ಕು ದಿನ ತಣ್ಣಗಿರುತ್ತಿತ್ತು. ಹೆಂಡತಿ ಅಣ್ಣಮ್ಮ ಕಾಮಾಲೆಯಾಗಿ ತೀರಿಕೊಂಡಾಗ ಮಗಳು ಪ್ರಮೀಳಾಗೆ ಆರು ವರ್ಷ. ಇನ್ನೊಂದು ಮದುವೆಗೆ ಹೊನ್ನಪ್ಪ ಒಪ್ಪಲಿಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಊರೂರು ಅಡುಗೆಗೆ ಹೋದ. ಅವಳು ಮದುವೆ ಮನೆಗಳ ಅಕ್ಕಿ ಮೂಟೆಯ ಮೇಲೆ ನಿದ್ದೆ ಮಾಡಿ, ಕಾಯಿ ತುರಿಯುವ ಹೆಂಗಸರ ಕೈಲಿ ಜಡೆ ಹಾಕಿಸಿಕೊಂಡು ಬೆಳೆದಳು. ಅಡುಗೆಗೆ ಹೋಗದ ದಿನ ಮನೆಯಲ್ಲಿ ಮುದ್ದೆಯೊಂದು ಬೇಯುತ್ತಿತ್ತು, ಸಾರು ಪಕ್ಕದ ಮನೆ ಚಲುವಮ್ಮನದು. ಒಂದು ಸಲ ಹಟ ಹಿಡಿದು ಹೊನ್ನಪ್ಪ ಉಪ್ಸಾರು ಮಾಡಿದ್ದ. ಬೀದಿಗೆಲ್ಲ ಹಂಚಿದರೂ ಅದು ಮೂರು ದಿನ ಮುಗಿಯಲಿಲ್ಲವೆಂದು ಚಲುವಮ್ಮ ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದಳು.

ಪ್ರಮೀಳಾಳನ್ನು ನಾಗಮಂಗಲದ ಕಡೆ ಹೊಣಕೆರೆಗೆ ಕೊಟ್ಟ. ಅಳಿಯ ಲೋಕೇಶ್ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ, ತಣ್ಣನೆಯ ಹುಡುಗ. ಮಗಳು ಹೋದ ಮೇಲೆ ಮನೆಯಲ್ಲಿ ಮುದ್ದೆಯೂ ನಿಂತಿತು. ಚಲುವಮ್ಮ ಕೊಟ್ಟದ್ದನ್ನು ಜಗಲಿಯ ಮೇಲೆ ಕೂತು ಉಂಡು, ತಟ್ಟೆ ತೊಳೆದು ಮಗುಚಿಟ್ಟರೆ, ಆ ತಟ್ಟೆಯ ಸದ್ದೇ ಅವತ್ತಿನ ಮಟ್ಟಿಗೆ ಆ ಮನೆಯ ಕೊನೆಯ ಮಾತು.

ತೊಂಬತ್ತನಾಲ್ಕರ ದೀಪಾವಳಿ ಕಳೆದ ಮೇಲೆ ಹೊಣಕೆರೆಯಲ್ಲಿ ಪ್ರಮೀಳಾಗೆ ಸೀಮಂತ ಮಾಡಿದರು. ಶಾಸ್ತ್ರ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಲೋಕೇಶನ ತಾಯಿ ಸಿದ್ದಲಿಂಗಮ್ಮ ಮಾತು ತೆಗೆದಳು.

"ಬೀಗ್ರೆ, ತಪ್ಪು ತಿಳ್ಕಬ್ಯಾಡಿ. ಚೊಚ್ಚಲ ಬಾಣಂತನ ತೌರಲ್ಲೇ ಆಗ್ಬೇಕು, ನಂಗೂ ಗೊತ್ತು. ಆದ್ರೆ ಎಂಗ್ಸಿಲ್ದಿರೋ ಮನೇಲಿ ನೋಡ್ಕಳೋರು ಯಾರು?"

"ನಾನಿಲ್ವಾ?" ಎಂದ ಹೊನ್ನಪ್ಪ.

ಪಡಸಾಲೆಯೆಲ್ಲ ನಕ್ಕಿತು. "ಇವ್ರು ಮೆಣಸಿನ ಸಾರ್ಗೂ ಕೊಪ್ಪರಿಗೆ ಇಕ್ತಾರೆ ಕಣವ್ವೋ!" ಎಂದು ಮೂಲೆಯಿಂದ ಯಾರೋ ಕೂಗಿದರು. ಹೊನ್ನಪ್ಪ ನಗಲಿಲ್ಲ. ಹಸಿರು ಬಳೆ ತುಂಬ ತೊಟ್ಟು ಕೂತಿದ್ದ ಪ್ರಮೀಳಾಳೂ ನಗಲಿಲ್ಲ.

"ನಾನು ನಮ್ಮಪ್ಪನ ಮನೆಗೇ ಓಯ್ತೀನಿ ಅತ್ತೆ. ಜಡೆ ಆಕಾದೊಂದು ಬುಟ್ಟು ನಮ್ಮಪ್ಪ ನಂಗೆಲ್ಲಾ ಮಾಡವ್ರೆ."

ಸಿದ್ದಲಿಂಗಮ್ಮ ಕೆಟ್ಟ ಹೆಂಗಸಲ್ಲ. ನಾಲ್ಕು ಹೆತ್ತವಳು, ಹತ್ತು ಬಾಣಂತನ ಮಾಡಿದವಳು. ಸೊಸೆಯ ಮುಖ ನೋಡಿ ಒಂದು ಮಾತಿಗೆ ಬಂದಳು. "ಆಗ್ಲಿ ಕಣಮ್ಮ. ನಮ್ಮ ಕಡೆ ಐದ್ನೇ ತಿಂಗ್ಳಲ್ಲಿ ಕೂಸು ಕರ್ಕ ಬರಾದು. ಆದ್ರೆ ಮೂರ್ನೇ ತಿಂಗ್ಳಲ್ಲಿ ನಾನೇ ಬಂದು ನೋಡ್ತೀನಿ. ಬಾಣಂತಿ ಬಾಡಿರಾದು ಕಂಡ್ರೆ ಅವತ್ತೇ ಕರ್ಕ ಬರೋ ದಿನ ಗೊತ್ತು ಮಾಡ್ತೀನಿ. ಆಮ್ಯಾಕೆ ನನ್ನ ಅನ್ನಂಗಿಲ್ಲ."

ಐದು ತಿಂಗಳು. ವಾಪಸು ಬರುವ ಬಸ್ಸಿನಲ್ಲಿ ಹೊನ್ನಪ್ಪ ಬೆರಳು ಮಡಚಿ ನೋಡಿಕೊಂಡ. ಐದು ತಿಂಗಳು ಮನೆಯಲ್ಲಿ ಮಗಳ ಮಾತು, ಕೂಸಿನ ಅಳು. ಮುಂದಿನದನ್ನು ಅವನು ಯೋಚಿಸಲಿಲ್ಲ.

ಆ ಸಲದ ಮದುವೆ ಕಾಲದಲ್ಲಿ ಕರೆಯಲು ಬಂದವರಿಗೆಲ್ಲ ನಂಜಪ್ಪನ ಮನೆ ತೋರಿಸಿದ. ಚಲುವಮ್ಮ ಒಂದು ಪುಟ್ಟ ಮಡಕೆ ತಂದು ಅವನ ಮುಂದೆ ಇಟ್ಟಳು.

"ಅಣ್ಣೋ, ಎಂಟು ಮೆಣಸು. ಒಂದು ಗೆಡ್ಡೆ ಬೆಳ್ಳುಳ್ಳಿ, ಸುಟ್ಟಿದ್ದು. ಉಪ್ಪು ಮೂರು ಬೆಳ್ಳಲ್ಲಿ. ಬೊಗಸೇಲಲ್ಲ, ಗ್ಯಾನ ಇರ್ಲಿ."

"ಮೂರು ಬೆಳ್ಳಲ್ಲಿ ಎತ್ತಿದ್ರೆ ಎತ್ತಿದಂಗೇ ಇಲ್ವಲ್ಲವ್ವ."

"ಬಾಣಂತಿ ನಾಲ್ಗೆಗೆ ಅದೇ ಬೆಟ್ಟ. ಎತ್ತು ಸುಮ್ಕೆ."

ಇಪ್ಪತ್ತು ವರ್ಷ ಬೊಗಸೆಗೆ ಪಳಗಿದ ಕೈ. ಮೂರು ಬೆರಳು ಜೋಡಿಸಿ ಉಪ್ಪೆತ್ತಿದರೆ ಅಳತೆ ತಪ್ಪುತ್ತಿತ್ತು. ಒಂಬತ್ತು ದಿನ ಕೆಡಿಸಿದ. ಚಲುವಮ್ಮ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಬೇಲಿಯ ಬುಡಕ್ಕೆ ಸುರಿದಳು. ಹತ್ತನೇ ದಿನ ಸುರಿಯದೆ ಇನ್ನೊಂದು ಗುಟುಕು ಕುಡಿದಳು. ಐನೂರು ಜನ ಎಲೆ ಮುಂದೆ ಹೊಗಳಿದಾಗ ಆಗದ ಸಂಕೋಚ ಅವತ್ತು ಹೊನ್ನಪ್ಪನಿಗೆ ಆಯಿತು. ಎದ್ದು ಹಿತ್ತಲಿಗೆ ಹೋಗಿಬಿಟ್ಟ.

ಪುಷ್ಯ ಮಾಸದಲ್ಲಿ ಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ತನುಶ್ರೀ ಎಂದು ಹೆಸರಿಡುವುದೆಂದು ಲೋಕೇಶ್ ಆಗಲೇ ಹೇಳಿಟ್ಟಿದ್ದ. ನಡುಮನೆಯ ಪಕ್ಕದ ಕೋಣೆಯಲ್ಲಿ ಬಾಣಂತಿ, ಕೂಸು. ಎಣ್ಣೆ ನೀರು ಎರೆಯಲು ಚಲುವಮ್ಮ. ಗಂಡಸರು ಆ ಕೋಣೆಗೆ ಹೋಗುವಂತಿಲ್ಲ. ಹೊನ್ನಪ್ಪ ಬೆಳಿಗ್ಗೆ ಎದ್ದು ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದ. ಆಮೇಲೆ ಪುಟ್ಟ ಮಡಕೆಯಲ್ಲಿ ಸಾರು, ಹಿಡಿ ಅನ್ನ, ಚೂರು ತುಪ್ಪ. ತಟ್ಟೆಯನ್ನು ಕೋಣೆಯ ಹೊಸ್ತಿಲ ಮೇಲಿಟ್ಟು, ಒಂದು ಸಲ ಕೆಮ್ಮಿ, ಜಗಲಿಗೆ ಹೋಗಿ ಕೂರುತ್ತಿದ್ದ.

ಅಲ್ಲಿಂದ ಎಲ್ಲ ಕೇಳುತ್ತಿತ್ತು. ಕೂಸು ಮೊಲೆ ಚೀಪುವ ಲೊಚಲೊಚ, ಪ್ರಮೀಳಾಳ ಗುನುಗು, ಚಲುವಮ್ಮನ ಬೈಗಳು. ಎಷ್ಟೋ ವರ್ಷದ ಮೇಲೆ ಮನೆ ತುಂಬ ಸದ್ದು. ಆದರೆ ಸದ್ದೆಲ್ಲ ಬಾಗಿಲ ಆ ಕಡೆ, ತಾನು ಈ ಕಡೆ. ಅವನಿಗೆ ಸಿಗುತ್ತಿದ್ದುದು ವಾಪಸು ಬಂದ ತಟ್ಟೆ. ಬೆಳ್ಳುಳ್ಳಿ ಉಳಿದಿದ್ದರೆ ಉಪ್ಪು ಹೆಚ್ಚಾಗಿದೆ, ಅನ್ನ ಉಳಿದಿದ್ದರೆ ನಿದ್ದೆಗೆಟ್ಟಿದ್ದಾಳೆ, ಬೆರಳಲ್ಲಿ ಬಳಿದ ಗೆರೆ ಕಂಡರೆ ಚೆನ್ನಾಗಿದ್ದಾಳೆ. ಹೀಗೆ ತಟ್ಟೆ ಓದುವುದನ್ನು ತನಗೆ ತಾನೇ ಕಲಿತ.

ಹನ್ನೊಂದನೇ ದಿನದ ಪುಣ್ಯಾಹ ಕಳೆದ ಮೇಲೆ ಕೂಸನ್ನು ಅವನ ಕೈಗೆ ಕೊಟ್ಟರು. ಸೀಗೆಪುಡಿ ಹಾಕಿ ಮೂರು ಸಲ ಕೈ ತಿಕ್ಕಿ ತೊಳೆದು ಬಂದಿದ್ದ. ಆದರೂ ತೊಡೆಯ ಮೇಲೆ ಮಲಗಿಸಿಕೊಂಡ ಕೂಡಲೆ ಕೂಸು ಮೂಗು ಅರಳಿಸಿ ಎರಡು ಸಲ ಸೀನಿತು.

"ತಾತನ ಕೈ ಘಾಟು ಕಣೆ! ಇಪ್ಪತ್ತೊರ್ಸದ ಮಸಾಲೆ ಅದು, ಸೀಗೆಪುಡಿಗೋದದಾ?" ಎಂದು ಚಲುವಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಹೊನ್ನಪ್ಪ ಕೂಸನ್ನು ಎತ್ತಿಕೊಳ್ಳುವಾಗ ಅಂಗೈ ಮಡಚಿಕೊಂಡು, ಮೊಣಕೈ ಮೇಲೇ ಎತ್ತಿಕೊಳ್ಳುತ್ತಿದ್ದ.

ಯುಗಾದಿ ಕಳೆದ ಭಾನುವಾರ ಆರು ಜನ ಬರುತ್ತೇವೆಂದು ಹೊಣಕೆರೆಯಿಂದ ಸುದ್ದಿ ಬಂತು.

"ಎಲ್ಡು ಕೋಳಿ ಕುಯ್ದು ಸುಮ್ಕಿರಣ್ಣ" ಎಂದಳು ಚಲುವಮ್ಮ. "ಅವ್ರು ಬರಾದು ಬಾಣಂತಿ ನೋಡಾಕೆ. ನಿನ್ನಡ್ಗೆ ನೋಡಾಕಲ್ಲ."

"ನಾಡ್ಗೆಲ್ಲ ಇಕ್ಕಿದ ಕೈ ಕಣವ್ವ ಇದು. ಬೀಗ್ರು ನಮ್ಮನೇಲಿ ಕೋಳಿ ಉಂಡೋದ್ರು ಅಂದ್ರೆ ಮಖ ಎಲ್ಲಿಟ್ಕಳ್ಲಿ?"

ಒಂದು ಇಡೀ ಮರಿ ತಂದ. ಹಿತ್ತಲಲ್ಲಿ ಗುಂಡಿ ಒಲೆ ತೋಡಿದ. ಭಾನುವಾರ ಬೆಳಕು ಹರಿಯುವ ಮೊದಲೇ ಕೊಪ್ಪರಿಗೆ ಏರಿತು. ಮೂರು ತಿಂಗಳಿಂದ ಚಮಚದಲ್ಲಿ ಆಡಿದ ಕೈಗೆ ಆಳುದ್ದದ ಸೌಟು ಸಿಕ್ಕಿದ್ದೇ ತಡ, ಹೊನ್ನಪ್ಪನ ಬೆನ್ನು ನೆಟ್ಟಗಾಯಿತು. ಚಲುವಮ್ಮನನ್ನು ಒರಳಿಗೆ ಕೂರಿಸಿದ. ಅವಳು "ಕೂಸಿಗೆ ನೀರು..." ಎಂದರೆ "ತಾಳವ್ವ, ಮಸಾಲೆ ನುಣ್ಣಗಾಗ್ಲಿ" ಎಂದ. ಬೋಟಿ ಗೊಜ್ಜು ಕುದಿಯಿತು, ಮುದ್ದೆಗೆ ಎಸರು ಬಂತು. ಉಪ್ಪನ್ನು ಬೊಗಸೆಯಲ್ಲಿ ಬೀಸಿದ. ಪುಟ್ಟ ಮಡಕೆ ಮಾತ್ರ ಗೋಡೆಯ ಗೂಡಿನಲ್ಲಿ ಮಗುಚಿದ್ದು ಮಗುಚಿದಂತೆಯೇ ಇತ್ತು. ಅದು ಅವನ ಕಣ್ಣಿಗೇ ಬೀಳಲಿಲ್ಲ.

ಹೊಣಕೆರೆಯವರು ಹತ್ತು ಗಂಟೆಗೇ ಬಂದರು. ಸಿದ್ದಲಿಂಗಮ್ಮ ಕಾಲು ತೊಳೆಯಲು ಬಚ್ಚಲ ಕಡೆ ಹೋದಳು. ಹೊನ್ನಪ್ಪ ದೂರದಿಂದ ನೋಡಿದ. ಬಚ್ಚಲ ಬಾಗಿಲಲ್ಲಿ ಬಹಳ ಹೊತ್ತು ನಿಂತೇ ಇದ್ದಳು. ಮಸಾಲೆಯ ಘಮಕ್ಕೆ ನಿಂತಿದ್ದಾಳೆ ಎಂದುಕೊಂಡ.

ಉಂಡವರೆಲ್ಲ ಬೆರಳು ನೆಕ್ಕಿದರು. ಲೋಕೇಶನ ಚಿಕ್ಕಪ್ಪ ಸೊಂಟದ ದಾರ ಸಡಿಲಿಸಿಕೊಂಡು, "ಬೀಗ್ರೆ, ನಿಮ್ಮ ಕೈಗೆ ಚಿನ್ನದ ಕಡಗ ಆಕ್ಬೇಕು" ಎಂದ. ಅವರು ಬೇಡ ಬೇಡವೆಂದರೂ ಹೊನ್ನಪ್ಪ ಬಿಡದೆ ಬಡಿಸಿದ. ಕೊನೆಗೆ ಸಿದ್ದಲಿಂಗಮ್ಮ ಕೈ ತೊಳೆದು ಬಂದು, ಸೆರಗಲ್ಲಿ ಒರೆಸಿಕೊಳ್ಳುತ್ತ ಕೇಳಿದಳು:

"ಊಟ ಬೋ ಚಂದಾಗಿತ್ತು ಬೀಗ್ರೆ. ಬಾಣಂತಿ ಉಂಡ್ಳಾ?"

ಹೊನ್ನಪ್ಪನ ಕೈಯಲ್ಲಿ ಇನ್ನೂ ಸೌಟಿತ್ತು. ಎರಡು ಗಂಟೆ ದಾಟಿತ್ತು. ಕೋಣೆಯ ಹೊಸ್ತಿಲ ಕಡೆ ನೋಡಿದ. ಬರಿಯ ಹೊಸ್ತಿಲು.

"ಬೆಳಿಗ್ಗೆ ನಾನು ಬಂದಾಗ ಆ ಎಣ್ಣುಮಗ ಬಗ್ಗಿಕೊಂಡು ಅಂಡೆ ಒಲೆ ಊದ್ತಿತ್ತು" ಎಂದಳು ಸಿದ್ದಲಿಂಗಮ್ಮ. ದನಿ ಏರಲಿಲ್ಲ. "ಕಿವೀಗೆ ಬಟ್ಟೆ ಇಲ್ಲ, ಕಣ್ಣೆಲ್ಲ ವಗೆ. ತಣ್ಣೀರಲ್ಲಿ ಕೂಸಿನ ಬಟ್ಟೆ ಇಂಡ್ತಿತ್ತು. ಉಂಡೇನವ್ವ ಅಂದ್ರೆ, ಅಪ್ಪ ತತ್ತಾರೆ ಅಂತು. ನೀವು ತರ್ತೀರೇನೋ ಅಂತ ನಾನೂ ಕಾದೆ."

"ಅತ್ತೆ, ನಂಗೇನಾಗಿಲ್ಲ" ಎಂದು ಒಳಗಿನಿಂದ ಪ್ರಮೀಳಾ ಕೂಗಿದಳು.

"ನೀನು ಸುಮ್ಕಿರವ್ವ. ಬೀಗ್ರೆ, ಇದು ನಿಮ್ಮ ತಪ್ಪಲ್ಲ. ಒಂದು ಎಣ್ಣು ಜೀವ ಇದ್ದಿದ್ರೆ ಇಂಗಾಯ್ತಿರ್ನಿಲ್ಲ. ಬುಧವಾರ ದಿನ ಚಂದಾಗದೆ. ಲೋಕೇಶ ಬತ್ತಾನೆ."

ಮೂರು ತಿಂಗಳ ಬಿಸಿನೀರು, ಮೂರು ತಿಂಗಳ ಮೂರು ಬೆರಳ ಉಪ್ಪು, ಎಲ್ಲವನ್ನೂ ಹೇಳಬಹುದಿತ್ತು. ಚಲುವಮ್ಮ ಬಾಯಿ ತೆರೆದಳು ಕೂಡ. ಹೊನ್ನಪ್ಪ ಕಣ್ಣಲ್ಲೇ ತಡೆದ. ಉಣ್ಣದ ಬಾಣಂತಿಯ ಮುಂದೆ ಯಾವ ಮಾತು ನಿಂತೀತು? ಗೂಡಿನಿಂದ ಮಡಕೆ ಇಳಿಸಿ, ಎಂಟು ಮೆಣಸು ಎಣಿಸಿಕೊಂಡು ಒಲೆಯ ಮುಂದೆ ಕೂತ. ಹಿಂದೆ ಕೊಪ್ಪರಿಗೆಯಲ್ಲಿ ಮೂವತ್ತು ಜನಕ್ಕಾಗುವಷ್ಟು ಸಾರು ಕೆನೆಗಟ್ಟುತ್ತಿತ್ತು.

ಬುಧವಾರ ತೊಟ್ಟಿಲನ್ನು ಬಸ್ಸಿನ ಮೇಲೆ ಕಟ್ಟಿದರು. ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು. ಲೋಕೇಶ್ ಮೇಲೆ ಹಗ್ಗ ಬಿಗಿಯುತ್ತಿದ್ದಾಗ ಹೊನ್ನಪ್ಪ ಬಾಣಂತಿ ಖಾರದ ಡಬ್ಬಿಯನ್ನು ಮಗಳ ಚೀಲಕ್ಕೆ ತುರುಕಿದ.

"ಒಂದ್ ಕೂಗು ಕೂಗ್ಬಾರ್ದಿತ್ತೇನವ್ವ ಅವತ್ತು? ಅಸಿವಾಯ್ತದೆ ಅಂತ?"

ಪ್ರಮೀಳಾ ಕೂಸಿನ ಕುಲಾವಿ ಸರಿಮಾಡಿದಳು. "ಕಿಟ್ಕೀಲಿ ನೋಡ್ತಿದ್ನಪ್ಪ. ನಾನು ಚಿಕ್ಕೋಳಿದ್ದಾಗ ಎಂಗೆ ನಿಂತ್ಕತಿದ್ದೆಯೋ ಅಂಗೇ ನಿಂತಿದ್ದೆ, ಸೌಟಿಡ್ಕೊಂಡು. ನೀನೆಷ್ಟ್ ಖುಸಿಯಾಗಿದ್ದೆ. ಅದ್ಕೇ ಕೂಗ್ನಿಲ್ಲ."

ಬಸ್ಸು ಹೊರಟಿತು. ಹೊನ್ನಪ್ಪ ನಡೆದುಕೊಂಡು ಮನೆಗೆ ಬಂದ.

ಆಮೇಲೂ ಅವನು ಬೆಳಿಗ್ಗೆ ಹಂಡೆಗೆ ಉರಿ ಹಾಕಿದ. ಯಾರಿಗೂ ಬೇಡದ ಬಿಸಿನೀರು ಮಧ್ಯಾಹ್ನದ ಹೊತ್ತಿಗೆ ತಾನೇ ಆರುತ್ತಿತ್ತು. ಪುಟ್ಟ ಮಡಕೆಯಲ್ಲಿ ಸಾರು ಮಾಡಿದ. ಚಲುವಮ್ಮ ಬಾಗಿಲಲ್ಲಿ ನಿಂತು, "ಯಾರ್ಗಣ್ಣ ಬಾಣಂತಿ ಸಾರು?" ಎಂದಳು.

"ನಂಗೇ ಕಣವ್ವ. ಒಬ್ರ ಅಳ್ತೆ ಇದೊಂದೇ ಗೊತ್ತಿರಾದು."

ಅವಳು ಅವತ್ತು ನಗಲಿಲ್ಲ.

ವೈಶಾಖದಲ್ಲಿ ಕಿಕ್ಕೇರಿಯ ಒಂದು ಮನೆಯವರು ಬಂದು ಕಾಲು ಹಿಡಿಯುವಷ್ಟು ಕೇಳಿಕೊಂಡರು. ಮುನ್ನೂರು ಎಲೆಯ ಬೀಗರೂಟ. ಹೊನ್ನಪ್ಪ ಹೋದ. ಪಂಚೆ ಎತ್ತಿ ಕಟ್ಟಿದ, ಉಪ್ಪು ಹಾಕಿದ, ಸಾರು ಇಳಿಸಿದ. ಮೊದಲ ಪಂಕ್ತಿ ಕೂತು ಸ್ವಲ್ಪ ಹೊತ್ತಿಗೆ ಒಬ್ಬರು ಉಪ್ಪು ಕೇಳಿದರು. ಅವರ ಪಕ್ಕದವರೂ ಕೇಳಿದರು. ಆಮೇಲೆ ಸಾಲಿಗೆ ಸಾಲೇ ಕೇಳಿತು. ನಂಜಪ್ಪ ಓಡಿ ಬಂದ.

"ಒನ್ನಪ್ಪಣ್ಣ, ಏನಾಯ್ತಣ್ಣ? ಸಾರು ಸಪ್ಪೆ ಅಂತಾವ್ರೆ! ನಿನ್ ಸಾರು ಸಪ್ಪೆ ಅಂತಾವ್ರಲ್ಲ!"

ಹೊನ್ನಪ್ಪ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಸೌಟಿನ ತುದಿಯಲ್ಲಿ ಸಾರು ಎತ್ತಿ, ಅಂಗೈಗೆ ಹಾಕಿಕೊಂಡು, ನೆಕ್ಕಿ ನೋಡಿದ. ಇನ್ನೊಂದು ಸಲ ನೋಡಿದ. ಅವನ ನಾಲಗೆಗೆ ಎಲ್ಲ ಸರಿಯಾಗಿಯೇ ಇತ್ತು.

ಉಪ್ಪಿನ ಚೀಲವನ್ನು ಕಾಲಲ್ಲಿ ನಂಜಪ್ಪನ ಕಡೆ ತಳ್ಳಿದ.

"ನೀನೇ ಆಕ್ಲಾ" ಎಂದ. "ಎಷ್ಟು ಬೇಕೋ ನೋಡ್ಕಂಡು ಆಕು."