ಸಂಡೂರಿನ ಫಲಾರ, ಕಂಪ್ಲಿಯ ಹೋಳಿಗೆ

ಬುಧವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಸಂಡೂರಿನಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ ನಾನು ಗಂಟೆ ಎಷ್ಟಾಯಿತೆಂದು ಮೊಬೈಲ್ ತೆಗೆದು ನೋಡಿದ್ದೆ. ಆಗಲೇ ಹಿಂದಿನಿಂದ ಹಾರ್ನ್ ಕೇಳಿಸಿತು. ಲಾರಿಯವರು ದಾರಿ ಕೇಳುವಾಗ ಬಿಟ್ಟು ಬಿಟ್ಟು ಹೊಡೆಯುತ್ತಾರೆ. ಇದು ನಿಲ್ಲಲೇ ಇಲ್ಲ. ಅದಿರು ತುಂಬಿದ ಲಾರಿಯ ಬ್ರೇಕ್ ಹೋಗಿತ್ತು, ನಾವು ಇಳಿಜಾರಿನಲ್ಲಿದ್ದೆವು.

ನಮ್ಮ ಡ್ರೈವರ್ ಬಸ್ಸನ್ನು ಎಡಕ್ಕೆ, ಗುಡ್ಡದ ಕಡೆಗೆ ಎಳೆದ. ಲಾರಿ ನಮ್ಮ ಬಲಬದಿಯನ್ನು ಉದ್ದಕ್ಕೂ ಉಜ್ಜಿಕೊಂಡು ಮುಂದೆ ಹೋಗಿ ತಿರುವಿನಲ್ಲಿ ಮಗುಚಿತು. ಬಸ್ಸು ಚರಂಡಿಗೆ ವಾಲಿತು, ಬಾಗಿಲು ಗುಡ್ಡಕ್ಕೆ ಒತ್ತಿಕೊಂಡು ತೆರೆಯಲಿಲ್ಲ. ಕೆಂಪು ದೂಳು ಒಳಗೆಲ್ಲ ತುಂಬಿ, ಪಕ್ಕದಲ್ಲೇ ಕುಳಿತಿದ್ದ ದೊಡ್ಡವ್ವ ನನಗೆ ಕಾಣಲಿಲ್ಲ. ಯಾರೋ ಹಿಂದಿನ ಗಾಜು ಒಡೆದರು. ಅಲ್ಲಿಂದ ಒಬ್ಬೊಬ್ಬರಾಗಿ ಇಳಿದೆವು. ಯಾರೂ ಸಾಯಲಿಲ್ಲ. ಬಲಬದಿಯವರಿಗೆ ಗಾಜಿನ ಗಾಯಗಳಾಗಿದ್ದವು, ಲಾರಿ ಓಡಿಸುತ್ತಿದ್ದವನ ಕಾಲು ಮುರಿದಿತ್ತು.

ನಾವು ಹೊರಟದ್ದು ಏಕೆಂದು ಹೇಳಬೇಕು. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಎಸ್ತೇರಮ್ಮ. ನರ್ಸ್ ಆಗಿ ನಿವೃತ್ತಳಾದವಳು. ಯೇಸುವಿನ ಬಗ್ಗೆ ಕೇಳಬೇಕೆನ್ನುವ, ಆದರೆ ಒಪ್ಪಲೂ ಆಗದ, ಬಿಡಲೂ ಆಗದ ಕೆಲವರು ಈ ಭಾಗದಲ್ಲಿದ್ದಾರೆ. ಕರೆದರೆ ಮಾತ್ರ ಅವರ ಮನೆಗೆ ಹೋಗುತ್ತಾಳೆ. ನಾನು ಪಾಠ ಮಾಡುವ ಕಾಲೇಜಿಗೆ ದಸರಾ ರಜೆ ಇತ್ತು, ಜೊತೆಗೆ ಹೋದೆ. ಬೆಳಿಗ್ಗೆ ಸಂಡೂರಿನಲ್ಲಿ ಗಣಿ ಕಚೇರಿಯ ಯುವಕನೊಬ್ಬನ ಮನೆ. ಅವನು ಚಹಾ ಕೊಟ್ಟು, "ದೇವ್ರು ಅದಾನೋ ಇಲ್ಲೋ ಆಮ್ಯಾಲ ನೋಡೂಣ್ರಿ, ಈಗ ನನ್ನ ಶಿಫ್ಟ್ ಐತಿ" ಎಂದು ಬೂಟು ಹಾಕಿಕೊಂಡ. ದೊಡ್ಡವ್ವ ನಕ್ಕು ಎದ್ದಳು. ಮುಂದಿನ ಊರು ಕಂಪ್ಲಿ, ಹುಲಿಗೆಮ್ಮನ ಮನೆ.

ಬಸ್ಸಿನಿಂದ ಇಳಿದ ಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತೆವು. ದೊಡ್ಡವ್ವನ ಕೈ ಗಡಗಡ ನಡುಗುತ್ತಿತ್ತು. ನಮ್ಮ ಹಿಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು, ಗುಡ್ಡದ ಮೇಲಿನ ಗುಡಿಗೆ ಹೋಗಿ ಬಂದವಳು, ಪಕ್ಕದಲ್ಲಿ ಬಂದು ಕುಳಿತಳು. ಗಂಟು ಬಿಚ್ಚಿದಳು. ಮಂಡಕ್ಕಿ, ಸಕ್ಕರೆ, ಕುಂಕುಮ ಹತ್ತಿದ ಕೊಬ್ಬರಿ ಚೂರು. ದೇವರ ಫಲಾರ.

"ತಗೊಳ್ರಿ ಯವ್ವಾ. ಜೀವ ಉಳದೈತಿ, ಬಾಯಿ ಸಿಹಿ ಮಾಡ್ಕೊಳ್ರಿ" ಎಂದು ದೊಡ್ಡವ್ವನ ಕೈ ಹಿಡಿದು ಅದರಲ್ಲಿಟ್ಟಳು.

ಗುಡಿಯ ಪ್ರಸಾದ ಬಾಯಿಗೆ ಹಾಕಬಾರದು ಎಂಬುದು ನಮ್ಮ ಮನೆಯಲ್ಲಿ ನಾನು ಕಲಿತ ಮೊದಲ ಪಾಠ. ಕಲಿಸಿದವಳು ದೊಡ್ಡವ್ವ. ಅವಳು ಆ ಕೊಬ್ಬರಿಯನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಮಂಡಕ್ಕಿಯನ್ನೂ ಒಂದು ಕಾಳು ಬಿಡದೆ ತಿಂದಳು. ನಾನೂ ತಿಂದೆ.

ಮರುದಿನ ಹೊಸಪೇಟೆಯಲ್ಲಿ ವಿಶ್ರಾಂತಿ. ಶುಕ್ರವಾರ ಬೆಳಿಗ್ಗೆ ಕಂಪ್ಲಿಯ ಬಸ್ಸು ಹಿಡಿದೆವು. ಮೂವತ್ತು ಕಿಲೋಮೀಟರ್ ದಾರಿ, ಗಂಟೆಯೊಳಗೆ ಮುಗಿಯಬೇಕು. ಆದರೆ ಕಮಲಾಪುರದ ಹತ್ತಿರ ಹಿಂದೊಂದು ಲಾರಿ ಹಾರ್ನ್ ಹೊಡೆದದ್ದೇ ತಡ, ನಾನು ಎದ್ದು ಬಾಗಿಲಿಗೆ ಹೋಗಿಬಿಟ್ಟಿದ್ದೆ. ಕಂಡಕ್ಟರ್ "ಸ್ಟಾಪ್ ಬಂದಿಲ್ರಿ ಮೇಡಂ" ಎಂದರೂ ಕೇಳದೆ ಬಸ್ಸು ನಿಲ್ಲಿಸಿ ಇಳಿದೆ. ದೊಡ್ಡವ್ವ ಹಿಂದೆಯೇ ಇಳಿದು ಒಂದು ಆಟೋ ಕರೆದಳು. "ಮೊದ್ಲು ಹಂಪಿ ಹೊಳೀ ದಂಡಿಗೆ ನಡಿಯಪ್ಪ. ಅಲ್ಲಿ ಲಾರಿ ಬರಂಗಿಲ್ಲ."

ಹಂಪಿಯಲ್ಲಿ ರಜೆಯ ಜನ ತುಂಬಿದ್ದರು. ಹೊಳೆ ತುಂಬಿ ಮಣ್ಣಿನ ಬಣ್ಣದಲ್ಲಿ ಹರಿಯುತ್ತಿತ್ತು. ಬಂಡೆಯ ನೆರಳಿನಲ್ಲಿ ಕುಳಿತಾಗ ದೊಡ್ಡವ್ವ ಹೇಳಿದಳು: "ಫಲಾರ ತಿಂದದ್ದು ಹುಲಿಗೆಮ್ಮಗ ಹೇಳಬೇಕು."

ಹುಲಿಗೆಮ್ಮ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವಳು, ಗಂಡನಿಲ್ಲ. ಹೊಳೆಯಾಚೆಯ ಹುಲಿಗಿ ದೇವಿಯ ಹೆಸರನ್ನೇ ಇಟ್ಟುಕೊಂಡವಳು. ದೊಡ್ಡವ್ವ ಹೇಳುವ ಯೇಸುವಿನ ಮಾತನ್ನು ಕಣ್ಣು ತುಂಬಿಕೊಂಡು ಕೇಳುತ್ತಿದ್ದಳು. ಪ್ರಾರ್ಥನೆ ಶುರುವಾದರೆ ಮಾತ್ರ ಎದ್ದು ಹೊಸ್ತಿಲಾಚೆ ನಿಲ್ಲುತ್ತಿದ್ದಳು. ಅವಳ ತೊಡಕು ಒಂದೇ. ಬುಕ್ಕಸಾಗರದಲ್ಲಿರುವ ಅಕ್ಕ ನಿಂಗಮ್ಮ ತಾಯಿಯಂತೆ ಸಾಕಿದವಳು. ಪ್ರತಿ ಹಬ್ಬಕ್ಕೆ ದೇವರಿಗೆ ಎಡೆ ಹಿಡಿದು ತಂಗಿಗೆ ಹೋಳಿಗೆ ಕಳಿಸುತ್ತಾಳೆ. ಅದನ್ನು ತಿನ್ನಬಾರದೆಂದು ದೊಡ್ಡವ್ವ ಖಡಾಖಂಡಿತವಾಗಿ ಹೇಳಿದ್ದಳು. "ಅಕ್ಕನ ಹೋಳಿಗಿ ಬಿಟ್ಟು ಯಾವ ಸ್ವರ್ಗಕ್ಕ ಹೋಗ್ಲ್ರಿ?" ಎಂದು ಹುಲಿಗೆಮ್ಮ ಕೇಳಿದ್ದಳು. ಮಾತು ಅಲ್ಲೇ ನಿಂತಿತ್ತು.

"ಬ್ಯಾಡ ದೊಡ್ಡವ್ವ. ಆಕಿ ನಿನ್ನ ಒಂದು ಮಾತೂ ಮತ್ತ ನಂಬಂಗಿಲ್ಲ. ಹೇಳಲೇಬೇಕಂದ್ರ ಶುಗರ್ ಇಳಿದಿತ್ತು, ಔಷಧಿ ಅಂತ ತಿಂದೆ ಅನ್ನು."

"ಚೀಲದಾಗ ಬಿಸ್ಕಿಟ್ ಪಾಕೀಟು ಇತ್ತಲ್ಲೇ. ಆಕಿ ಕೈ ಹಿಡದ್ಲು, ನಾ ತಿಂದೆ. ಇದ್ದದ್ದು ಅಷ್ಟ." ಎಂದಳು ದೊಡ್ಡವ್ವ. "ಯೇಸುಸ್ವಾಮಿ ಊರು ಬೈದ ಮಂದಿ ಮನ್ಯಾಗೂ ಉಣ್ಣಾಕ ಕುಂತಾನ. ನಾ ಆ ಬಡವಿಗೆ ಅಕ್ಕನ ಮನಿ ಬಾಗ್ಲಾನ ಹಾಕಿಸಿದೆ."

ಕಂಪ್ಲಿಗೆ ಅದೇ ಆಟೋದಲ್ಲಿ ಹೋದೆವು. ದಾರಿಯ ಎರಡೂ ಬದಿಗೆ ಭತ್ತದ ಗದ್ದೆ, ಕಾಲುವೆ, ಬಾಳೆ. ಬುಕ್ಕಸಾಗರದ ಕಡೆಯ ಬೋರ್ಡು ಬಂದಾಗ ದೊಡ್ಡವ್ವ ಅತ್ತ ತಿರುಗಿ ನೋಡಿದಳು.

ಅಪಘಾತದ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಹುಲಿಗೆಮ್ಮ ಓಡಿ ಬಂದು ದೊಡ್ಡವ್ವನ ತೋಳು, ತಲೆ ಮುಟ್ಟಿ ಮುಟ್ಟಿ ನೋಡಿದಳು. "ಬರ್ರಿ ನರ್ಸಮ್ಮಾರ, ಕುಂದ್ರಿ. ನಿಮ್ಮ ದೇವ್ರು ಭಾಳ ಗಟ್ಟಿ ಅದಾನ ಬಿಡ್ರಿ. ಲಾರೀನ ನಿಲ್ಲಿಸಿದ್ನಂತ!"

"ಲಾರಿ ನಿಲ್ಲಲಿಲ್ಲವಾ, ಉಜ್ಜಿಕೊಂಡ ಹೋತು" ಎಂದಳು ದೊಡ್ಡವ್ವ. "ಉಳಿಸಿದವ ಆತನ. ಅದ್ರಾಗ ನನಗ ಅನುಮಾನ ಇಲ್ಲ. ಆದ್ರ ಆಮ್ಯಾಲ ನಡದದ್ದೂ ಕೇಳು." ಫಲಾರದ ಸಂಗತಿ ಪೂರ್ತಿ ಹೇಳಿದಳು, ಚೀಲದ ಬಿಸ್ಕಿಟ್ಟನ್ನೂ ಬಿಡಲಿಲ್ಲ.

ಹುಲಿಗೆಮ್ಮ ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟಳು. ನಾನು ಅವಳ ಮುಖ ನೋಡಲಾರದೆ ಗೋಡೆ ನೋಡುತ್ತಿದ್ದೆ.

"ತಿಂದ ಮ್ಯಾಲ ಏನಾತ್ರಿ?"

"ಕೈ ನಡಗೋದು ನಿಂತ್ತು."

"ಅಷ್ಟನಾ? ಹೊಟ್ಟಿ ನೋಯಲಿಲ್ಲನ್ರಿ?"

"ಇಲ್ಲವಾ. ಕೊಬ್ಬರಿ ಚಲೋ ಇತ್ತು."

ಹುಲಿಗೆಮ್ಮ ಫಕ್ಕನೆ ನಕ್ಕಳು. ನಕ್ಕವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹಂಗಾರ ನನಗ ಹೇಳಿದ್ದು?"

"ಆ ಮಾತು ನಿನ್ನ ಮ್ಯಾಲ ಭಾಳ ಭಾರ ಹೊರಿಸ್ತು. ಎಲ್ಲಾ ಚರ್ಚ್ ಸಭ್ಯಾಗ ನನ್ನ ಮಾತು ಒಪ್ಪಂಗಿಲ್ಲ, ಅದೂ ನಿನಗ ಗೊತ್ತಿರ್ಲಿ. ನಾ ಹೊಸ ದೇವ್ರ ಹೇಳಾಕ ಬಂದಿಲ್ಲ ಇವತ್ತು. ಅದ ಯೇಸು, ಅದ ಶಿಲುಬಿ. ಆದ್ರ ನಿಮ್ಮಕ್ಕನ ಕೈ ಅನ್ನ ಬಿಡು ಅಂತ ಇನ್ನ ಮ್ಯಾಲ ಅನ್ನಂಗಿಲ್ಲ."

ಹುಲಿಗೆಮ್ಮ ಒಳಗೆ ಹೋದಳು. ಬಂದಾಗ ಕೈಯಲ್ಲಿ ಎರಡು ತಾಟು, ಹೋಳಿಗೆ, ಮೇಲೆ ತುಪ್ಪ. "ಅಕ್ಕ ನಿನ್ನೆ ಕಳಿಸ್ಯಾಳ. ಎಡೀ ಹೋಳಿಗಿ. ಉಣ್ತೀರೋ ಇಲ್ಲೋ ನೋಡೇಬಿಡ್ತೀನಿ" ಎಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

ದೊಡ್ಡವ್ವ ಎಂದಿನಂತೆ ಕಣ್ಣು ಮುಚ್ಚಿದಳು. ಹುಲಿಗೆಮ್ಮ ಅಭ್ಯಾಸದಂತೆ ಹೊಸ್ತಿಲಿನತ್ತ ಹೆಜ್ಜೆ ಹಾಕಿದಳು. "ಯೇಸುವೇ, ಈ ಹೋಳಿಗಿ ಮಾಡಿದ ನಿಂಗಮ್ಮನ ಕೈ ಆಶೀರ್ವಾದ ಮಾಡು. ಆಕಿ ಈ ತಂಗೀನ ಸಾಕ್ಯಾಳ, ಆಕೀನ ನೀ ಸಾಕು." ಎಂದಳು ದೊಡ್ಡವ್ವ. ಹುಲಿಗೆಮ್ಮನ ಹೆಜ್ಜೆ ನಿಂತಿತು.

"ನಮ್ಮಕ್ಕನ ಹೆಸರು ನಿಮ್ಮ ದೇವ್ರಿಗೆ ಹೇಳಿದ್ರಿ?"

"ಹೇಳಿದೆ."

ಅವಳು ಬಂದು ನಮ್ಮ ಎದುರು ಕುಳಿತಳು. ಬೇಳೆ ಹದವಾಗಿ ಬೆಂದಿತ್ತು, ಏಲಕ್ಕಿ ತುಸು ಹೆಚ್ಚಾಗಿತ್ತು. ಸಂಜೆಯ ಬಸ್ಸಿಗೆ ಹೊಸಪೇಟೆಗೆ ಮರಳಿದೆವು.

ಊರಿಗೆ ಬಂದು ಕಾಲೇಜು ಶುರುವಾದ ಮೇಲೂ ಆ ಹಾರ್ನ್ ನನ್ನನ್ನು ಬಿಡಲಿಲ್ಲ. ಪಾಠ ಮಾಡುತ್ತಲೇ ಹಿಂತಿರುಗಿ ನೋಡುತ್ತಿದ್ದೆ. ಡ್ರೈವರ್ ಒಂದು ಕ್ಷಣ ತಡ ಮಾಡಿದ್ದರೆ ಎಂಬ ಲೆಕ್ಕ ಮುಗಿಯುತ್ತಿರಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ದೂಳು. ಅದರೊಳಗೆ ದೊಡ್ಡವ್ವನಿಗಾಗಿ ತಡಕಾಡುತ್ತ ಎಚ್ಚರವಾಗುತ್ತಿತ್ತು.

ದೀಪಾವಳಿ ಕಳೆದ ಒಂದು ಭಾನುವಾರ, ಆರಾಧನೆ ಮುಗಿಸಿ ಬಂದಾಗ ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ ಹುಲಿಗೆಮ್ಮ ಕುಳಿತಿದ್ದಳು. ಪಕ್ಕದಲ್ಲಿ ಹಣೆತುಂಬ ಕುಂಕುಮದ ಮುದುಕಿ.

"ನಾ ಏನೂ ಇನ್ನೂ ನಿರ್ಧಾರ ಮಾಡಿಲ್ಲ ನೋಡ್ರಿ" ಎಂದು ಹುಲಿಗೆಮ್ಮ ಮೊದಲೇ ಹೇಳಿಬಿಟ್ಟಳು. "ಅಕ್ಕನ ಹಟ ಹಿಡದು ಬಂದಾಳ."

ಮುದುಕಿ ದೊಡ್ಡವ್ವನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಹೆಸರು ಹೇಳಿದಾಕಿ ನೀನ ಏನವಾ? ಇನ್ನೊಮ್ಮೆ ಹೇಳು. ಈ ಸಲ ಮಣಕಾಲು ನೋವಿಂದೂ ಸೇರ್ಸು."

ದೊಡ್ಡವ್ವ ಅಲ್ಲೇ ಕಟ್ಟೆಯ ಮೇಲೆ ಕುಳಿತು, ಆ ಮಣಕಾಲಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಹುಲಿಗೆಮ್ಮ ಎದ್ದು ಹೋಗಲಿಲ್ಲ. ಅಕ್ಕನ ಸೆರಗು ಹಿಡಿದು ಕುಳಿತೇ ಇದ್ದಳು. ಮಧ್ಯದಲ್ಲಿ ರಸ್ತೆಯಲ್ಲೊಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆದು ಹೋಯಿತು. ಅದು ಹೋದ ಮೇಲೆ ನನಗೆ ತಿಳಿಯಿತು, ನಾನು ಏಳಲಿಲ್ಲವೆಂದು.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಬೆಳಿಗ್ಗೆ, ಹಾಲಿನವನು ಗೇಟು ಬಡಿದಾಗ.